ಚಲನಚಿತ್ರ ನಿರ್ದೇಶನದ ಮೊದಲ ಪಾಠಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ಮಾಡಬೇಕೆಂಬ ಆಸೆ ಇರುವವರು, ಒಂದೆರಡು ಕಿರುಚಿತ್ರ ತೆಗೆದು ಮುಂದೇನೆಂದು ತಿಳಿಯದೆ ನಿಂತವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದೇ ದೃಶ್ಯವನ್ನು ಹಲವು ಉತ್ತರಗಳಲ್ಲಿ ಉದಾಹರಣೆಯಾಗಿ ಬಳಸಿರುವುದರಿಂದ ಮೊದಲ ಸಲ ಓದುವವರು ಕ್ರಮವಾಗಿ ಓದುವುದು ಒಳ್ಳೆಯದು.

ನಿರ್ದೇಶಕರ ಕೆಲಸ ನಿಜವಾಗಿ ಏನು?

ಕ್ಯಾಮೆರಾ ನಡೆಸುವವರು ಛಾಯಾಗ್ರಾಹಕರು, ಅಭಿನಯಿಸುವವರು ನಟರು, ಕತ್ತರಿಸಿ ಜೋಡಿಸುವವರು ಸಂಕಲನಕಾರರು. ನಿರ್ದೇಶಕರ ಪಾಲಿಗೆ ಉಳಿಯುವುದು ತೀರ್ಮಾನ. ಈ ಕ್ಷಣದಲ್ಲಿ ಪ್ರೇಕ್ಷಕರಿಗೆ ಏನು ಗೊತ್ತಿರಬೇಕು, ಏನು ಗೊತ್ತಿರಬಾರದು, ಅವರು ಯಾರ ಮನಸ್ಸಿನೊಂದಿಗೆ ಸಾಗಬೇಕು ಎಂಬುದನ್ನು ನಿರ್ಧರಿಸುವುದು ಅವರ ಕೆಲಸ. ಚಿತ್ರೀಕರಣದ ದಿನ ಸಣ್ಣ ಸಣ್ಣ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಗೋಡೆಗೆ ಯಾವ ಬಣ್ಣ? ನಟಿ ಬಾಗಿಲು ಮುಚ್ಚಿ ಬರಬೇಕೇ, ತೆರೆದೇ ಬಿಡಬೇಕೇ? ದೀಪ ಉರಿಯುತ್ತಿರಬೇಕೇ? ಇವಕ್ಕೆ "ಚೆನ್ನಾಗಿ ಕಾಣುತ್ತದೆ" ಎಂಬುದು ಉತ್ತರವಾಗುವುದಿಲ್ಲ. ಪ್ರತಿ ಆಯ್ಕೆಗೂ ದೃಶ್ಯದ ಒಳಗೇ ಕಾರಣ ಹುಡುಕುವ ಅಭ್ಯಾಸ ಬಂದರೆ ನಿರ್ದೇಶನದ ಅಡಿಪಾಯ ಬಿದ್ದಂತೆಯೇ ಎಂದು ನಾನು ನಂಬುತ್ತೇನೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ನಂಬಿಕೆಯಿಂದಲೇ ಹುಟ್ಟಿದವು.

ಚಿತ್ರಶಾಲೆಗೆ ಸೇರದೆ ಕಲಿಯಬಹುದೇ?

ಖಂಡಿತ ಕಲಿಯಬಹುದು. ಜಗತ್ತಿನ ಮೊದಲ ಚಿತ್ರಶಾಲೆ ಮಾಸ್ಕೋದಲ್ಲಿ ಆರಂಭವಾದದ್ದು 1919ರಲ್ಲಿ. ಅಷ್ಟು ಹೊತ್ತಿಗೆ ಕ್ಲೋಸಪ್ ಬಳಸುವುದನ್ನೂ ಎರಡು ಕಡೆಯ ಘಟನೆಗಳನ್ನು ಒಂದರ ನಡುವೆ ಒಂದು ಹೆಣೆಯುವುದನ್ನೂ ಜನ ಮಾಡುತ್ತಲೇ ಕಲಿತುಬಿಟ್ಟಿದ್ದರು. ಒಳ್ಳೆಯ ಶಾಲೆ ಕೊಡುವುದು ಗಡುವು, ಜೊತೆಗಾರರು ಮತ್ತು ಮುಲಾಜಿಲ್ಲದೆ ತಪ್ಪು ತೋರಿಸುವ ಹಿರಿಯರನ್ನು. ಹೊರಗೆ ಕಲಿಯುವವರು ಇವನ್ನು ತಾವೇ ಕೂಡಿಸಿಕೊಳ್ಳಬೇಕು: ನಾಲ್ಕೈದು ಜನ ಸೇರಿ, ಸರದಿಯಂತೆ ಒಬ್ಬರು ನಿರ್ದೇಶಿಸಿ, ಉಳಿದವರು ಬೆಳಕು, ಧ್ವನಿ, ಕ್ಯಾಮೆರಾ ಹಿಡಿಯಬೇಕು. ಒಬ್ಬರೇ ಕುಳಿತು ಪಾಠದ ವಿಡಿಯೊಗಳನ್ನು ನೋಡುತ್ತ ವರ್ಷ ಕಳೆದರೆ ಪದಗಳು ಬರುತ್ತವೆ, ಕೆಲಸ ಬರುವುದಿಲ್ಲ.

ಸಹಾಯಕ ನಿರ್ದೇಶಕರಾಗಿ ದುಡಿಯುವುದೂ ಒಳ್ಳೆಯ ದಾರಿಯೇ. ಸೆಟ್ ಹೇಗೆ ನಡೆಯುತ್ತದೆ, ಸಮಯ ಎಲ್ಲಿ ಸೋರುತ್ತದೆ ಎಂಬುದು ಅಲ್ಲಿ ತಿಳಿಯುವಷ್ಟು ಚೆನ್ನಾಗಿ ಬೇರೆಲ್ಲೂ ತಿಳಿಯದು. ಆದರೆ ಆ ಕೆಲಸದಲ್ಲಿ ಬೇರೆಯವರ ತೀರ್ಮಾನಗಳನ್ನು ಜಾರಿಗೆ ತರುತ್ತೀರಿ, ನಿಮ್ಮ ತೀರ್ಮಾನಗಳನ್ನಲ್ಲ. ಆದ್ದರಿಂದ ಬಿಡುವಿನಲ್ಲಿ ಸ್ವಂತ ಕಿರುಚಿತ್ರಗಳನ್ನು ನಿಲ್ಲಿಸಬಾರದು.

ಯಾವ ಕ್ಯಾಮೆರಾ ಬೇಕು?

ಕೈಯಲ್ಲಿರುವ ಮೊಬೈಲ್ ಸಾಕು. ಸೆಕೆಂಡಿಗೆ 24 ಫ್ರೇಮ್, ಶಟರ್ ವೇಗ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ) ಸೆಕೆಂಡಿನ 1/48 ಅಥವಾ 1/50 ಇಟ್ಟರೆ ಚಲನೆ ಸಿನಿಮಾದಲ್ಲಿ ಕಾಣುವಂತೆ ಕಾಣುತ್ತದೆ. ಬಿಸಿಲಿನಲ್ಲಿ ಹೀಗೆ ಇಡಲು ಎನ್‌ಡಿ ಫಿಲ್ಟರ್, ಅಂದರೆ ಒಳಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು, ಬೇಕಾಗುತ್ತದೆ. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಮಾತಿನ ನಡುವೆ ಮುಖದ ಬಣ್ಣವೇ ಬದಲಾಗುತ್ತದೆ. ಹಣ ಖರ್ಚು ಮಾಡುವುದೇ ಆದರೆ ಮೊದಲು ಒಳ್ಳೆಯ ಮೈಕ್ ಕೊಳ್ಳಿ.

ಚಿತ್ರಕಥೆ ಕೈಗೆ ಬಂದ ಮೇಲೆ ಎಲ್ಲಿಂದ ಆರಂಭಿಸಬೇಕು?

ಹೆಚ್ಚಿನವರು ಶಾಟ್‌ಗಳಿಂದ, ಅಂದರೆ ಕ್ಯಾಮೆರಾ ನಿಲ್ಲಿಸದೆ ತೆಗೆಯುವ ಒಂದೊಂದು ತುಣುಕಿನಿಂದ, ಆರಂಭಿಸುತ್ತಾರೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬಹಳವಿದೆ.

ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳೋಣ. ಅಕ್ಕ ದೂರದ ಊರಿಗೆ ಹೊರಟಿದ್ದಾಳೆ, ಮಂಚದ ಮೇಲೆ ಸೂಟ್‌ಕೇಸ್ ತೆರೆದಿಟ್ಟು ಬಟ್ಟೆ ತುಂಬುತ್ತಿದ್ದಾಳೆ. ತಮ್ಮ ಬರುತ್ತಾನೆ. ತಂದೆಯ ಮನೆ ಮಾರಲು ಅವಳ ಸಹಿ ಬೇಕು. ಪತ್ರ ಅವನ ಜೇಬಿನಲ್ಲಿದೆ. ಇಬ್ಬರೂ ರೈಲಿನ ಸಮಯ, ಹಳೆಯ ಬೀರು, ಮಳೆ ಇಂಥವನ್ನೇ ಮಾತಾಡುತ್ತಾರೆ. ಕೊನೆಗೆ ಅವನು ಬಾಯಿ ತೆರೆಯುವ ಮುನ್ನವೇ ಅವಳು, "ಎಲ್ಲಿ ಸಹಿ ಹಾಕಬೇಕು?" ಎನ್ನುತ್ತಾಳೆ.

ಈಗ ಕೇಳಿಕೊಳ್ಳಿ: ಈ ದೃಶ್ಯದಲ್ಲಿ ಯಾರಿಗೆ ಏನು ಬೇಕಾಗಿದೆ? ತಮ್ಮನಿಗೆ ಬೇಕಾದದ್ದು ಸಹಿ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಅಕ್ಕ ತನ್ನನ್ನು ಸ್ವಾರ್ಥಿ ಎಂದುಕೊಳ್ಳಬಾರದು ಎಂಬುದೇ ಅವನಿಗೆ ಹೆಚ್ಚು ಮುಖ್ಯವಿರಬಹುದು. ಅಕ್ಕನಿಗೆ ಏನು ಬೇಕು? ಅವನೇ ಬಾಯಿಬಿಟ್ಟು ಕೇಳಲಿ ಎಂದು ಕಾಯುತ್ತಿದ್ದಾಳೆಯೇ, ಅಥವಾ ಅವನು ಕೇಳದೆ ಹೊರಟುಹೋಗಲಿ ಎಂದು ಆಸೆಪಡುತ್ತಿದ್ದಾಳೆಯೇ? ಎರಡೂ ಬೇರೆ ಬೇರೆ ಸಿನಿಮಾಗಳು. ಪಾತ್ರಕ್ಕೆ ಪ್ರತಿ ದೃಶ್ಯದಲ್ಲೂ ಒಂದು ಉದ್ದೇಶವಿರಬೇಕು ಎಂಬ ಈ ವಿಧಾನ ರಂಗಭೂಮಿಯಿಂದ, ಮುಖ್ಯವಾಗಿ ರಷ್ಯಾದ ರಂಗನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಅವರ ಕೆಲಸದಿಂದ ಬಂದದ್ದು. ಇಂದಿಗೂ ಇದಕ್ಕಿಂತ ಉಪಯುಕ್ತವಾದ ಸಾಧನ ನನಗೆ ಕಂಡಿಲ್ಲ.

ಮುಂದಿನದು ತಿರುವು. ದೃಶ್ಯ ಆರಂಭವಾದಾಗ ಇದ್ದ ಪರಿಸ್ಥಿತಿ ಯಾವ ಮಾತಿನಲ್ಲಿ, ಯಾವ ನೋಟದಲ್ಲಿ ಬದಲಾಯಿತು? ಅಲ್ಲೊಂದು ಗೆರೆ ಎಳೆಯಿರಿ. ಅಂಥ ಗೆರೆ ಎಳೆಯಲು ಜಾಗವೇ ಸಿಗದಿದ್ದರೆ ಆ ದೃಶ್ಯ ಬೇಕೇ ಎಂದು ಯೋಚಿಸಿ.

ಇನ್ನು ಉಳಿದದ್ದು ಪ್ರೇಕ್ಷಕರಿಗೆ ಏನು ಗೊತ್ತಿರಬೇಕೆಂಬುದು. ತಮ್ಮ ಬಾಗಿಲಾಚೆ ನಿಂತು ಪತ್ರವನ್ನು ಮಡಚಿ ಜೇಬಿಗಿಡುವುದನ್ನು ಮೊದಲೇ ತೋರಿಸಿದರೆ, ಮಳೆಯ ಮಾತೆಲ್ಲ ಉಸಿರುಗಟ್ಟಿಸುತ್ತದೆ: ಯಾವಾಗ ಕೇಳುತ್ತಾನೆ, ಹೇಗೆ ಕೇಳುತ್ತಾನೆ ಎಂದು ನಾವು ಕಾಯುತ್ತೇವೆ. ತೋರಿಸದೆ ಬಿಟ್ಟರೆ ಅಕ್ಕನ ಕೊನೆಯ ಮಾತು ಬೆಚ್ಚಿಬೀಳಿಸುತ್ತದೆ, ಆದರೆ ಅದಕ್ಕೆ ಮೊದಲಿನದೆಲ್ಲ ಸಪ್ಪೆಯಾಗುವ ಅಪಾಯವಿದೆ. ಅವನು ಬೀರುವಿನ ಕಡೆ ತಿರುಗಿದಾಗ ಜೇಬಿನಿಂದ ಇಣುಕುವ ಕಾಗದವನ್ನು ಅಕ್ಕ ನೋಡಿದ್ದನ್ನು ನಾವೂ ನೋಡಿದರೆ ಪ್ರೇಕ್ಷಕರು ಅವಳ ಕಡೆಗೆ ಸೇರುತ್ತಾರೆ. ಸಂಭಾಷಣೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ಮೂರು ಬೇರೆ ಅನುಭವಗಳಾದವು. ನಿರ್ದೇಶನ ಇಲ್ಲಿಯೇ ನಡೆಯುತ್ತದೆ.

ಬ್ಲಾಕಿಂಗ್ ಎಂದರೇನು?

ಯಾರು ಎಲ್ಲಿ ನಿಲ್ಲುತ್ತಾರೆ, ಯಾವಾಗ ಯಾವ ಕಡೆ ಚಲಿಸುತ್ತಾರೆ ಎಂಬ ಏರ್ಪಾಡು. ಪಾತ್ರಗಳ ಸಂಬಂಧವನ್ನು ಮಾತಿಲ್ಲದೆ ಹೇಳುವ ಬಲ ಇದಕ್ಕಿದೆ, ಹೊಸಬರು ಅತಿ ಕಡಿಮೆ ಗಮನ ಕೊಡುವುದೂ ಇದಕ್ಕೇ. ಇಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿಸಿಬಿಡುವುದು ಸುಲಭವಾದ್ದರಿಂದ ಹಾಗೆ ಮಾಡುತ್ತಾರೆ.

ನಮ್ಮ ದೃಶ್ಯದಲ್ಲಿ ತಮ್ಮ ಹೊಸ್ತಿಲಲ್ಲೇ ನಿಂತಿರಲಿ; ಒಳಗೆ ಬರುವ ಧೈರ್ಯ ಅವನಿಗೆ ಇನ್ನೂ ಇಲ್ಲ. ಇಬ್ಬರ ನಡುವೆ ಮಂಚ, ಅದರ ಮೇಲೆ ತೆರೆದ ಸೂಟ್‌ಕೇಸ್. ಅಕ್ಕ ಬೀರುವಿನತ್ತ ಹೋಗಿ ಬೆನ್ನು ಮಾಡಿದಾಗಷ್ಟೇ ಅವನು ಹತ್ತಿರ ಬಂದು, ಸುಮ್ಮನಿರಲಾಗದೆ ಅವಳ ಬಟ್ಟೆ ಮಡಚತೊಡಗುತ್ತಾನೆ. ಅವಳು ತಿರುಗಿ, ಸೂಟ್‌ಕೇಸನ್ನು ಮುಚ್ಚಿ, ಅದರ ಮೇಲೆ ಕೈಯೂರಿ ಸಹಿಯ ಮಾತೆತ್ತುತ್ತಾಳೆ. ಅದುವರೆಗೆ ಅವರ ನಡುವೆ ಅಡ್ಡವಾಗಿದ್ದ ಪೆಟ್ಟಿಗೆಯೇ ಈಗ ಸಹಿ ಹಾಕುವ ಮೇಜು. ಇಷ್ಟನ್ನು ಸರಿಯಾಗಿ ಜೋಡಿಸಿದರೆ ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿದರೂ ದೃಶ್ಯ ಅರ್ಥವಾಗುತ್ತದೆ.

ನಟರನ್ನು ಜಾಗಕ್ಕೆ ಕರೆತಂದು, ಮೊದಲು ಅವರಿಗೆ ಸಹಜವೆನಿಸಿದಂತೆ ಓಡಾಡಲು ಬಿಡಿ. ನೀವು ಕಾಗದದ ಮೇಲೆ ಬರೆದದ್ದಕ್ಕಿಂತ ಒಳ್ಳೆಯದು ಎಷ್ಟೋ ಸಲ ಅಲ್ಲಿ ಸಿಗುತ್ತದೆ.

ಶಾಟ್‌ಗಳನ್ನು ಹೇಗೆ ಆರಿಸಬೇಕು?

ಲಾಂಗ್ ಶಾಟ್ ವ್ಯಕ್ತಿಯನ್ನು ಅವರಿರುವ ಜಾಗದ ಜೊತೆ ತೋರಿಸುತ್ತದೆ, ಮಿಡ್ ಶಾಟ್ ಕೈ ಮತ್ತು ಮೈಯ ಭಾಷೆಯನ್ನು, ಕ್ಲೋಸಪ್ ಮನಸ್ಸಿನೊಳಗೆ ನಡೆಯುತ್ತಿರುವುದನ್ನು. ಇಷ್ಟು ಎಲ್ಲರಿಗೂ ಗೊತ್ತು. ಕಷ್ಟವಿರುವುದು ಕ್ಲೋಸಪ್ಪನ್ನು ಯಾವಾಗ ಬಳಸಬೇಕೆಂಬುದರಲ್ಲಿ. ಮೊದಲ ಮಾತಿನಿಂದಲೇ ಮುಖಗಳನ್ನು ತುಂಬಿಬಿಟ್ಟರೆ ತಿರುವಿನ ಹೊತ್ತಿಗೆ ಇನ್ನೂ ಹತ್ತಿರ ಹೋಗಲು ಜಾಗವೇ ಇರುವುದಿಲ್ಲ. ನೀವು ಗೆರೆ ಎಳೆದ ತಿರುವಿಗಾಗಿ ಅತಿ ಹತ್ತಿರದ ಶಾಟನ್ನು ಕಾಯ್ದಿಡಿ.

ಕ್ಯಾಮೆರಾ ಪಾತ್ರದಿಂದ ಎಷ್ಟು ದೂರದಲ್ಲಿದೆ ಎಂಬುದು ಲೆನ್ಸ್‌ನಷ್ಟೇ ಮುಖ್ಯ. ದೂರದಲ್ಲಿ ನಿಂತು ಟೆಲಿ ಲೆನ್ಸ್‌ನಲ್ಲಿ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ತೆಗೆದ ಕ್ಲೋಸಪ್ಪಿನಲ್ಲಿ ಹಿನ್ನೆಲೆ ಬೆನ್ನಿಗೆ ಅಂಟಿದಂತಿರುತ್ತದೆ, ಕದ್ದು ನೋಡುತ್ತಿರುವ ಭಾವ ಬರುತ್ತದೆ. ಹತ್ತಿರ ಹೋಗಿ ವೈಡ್ ಲೆನ್ಸ್‌ನಲ್ಲಿ (ಅಗಲ ನೋಟದ ಲೆನ್ಸ್) ತೆಗೆದರೆ ಮುಖ ಮುಂದೆ ಚಾಚಿ, ಕೋಣೆ ಹಿಂದೆ ಸರಿದು, ನಾವು ಆ ವ್ಯಕ್ತಿಯ ಎದುರೇ ನಿಂತಂತೆ ಅನಿಸುತ್ತದೆ. ಎರಡನ್ನೂ ಒಂದೇ ಮುಖದ ಮೇಲೆ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಅರ್ಧ ಗಂಟೆಯ ಈ ಅಭ್ಯಾಸ ಎಷ್ಟೋ ಓದಿಗೆ ಸಮ.

ಕ್ಯಾಮೆರಾ ಚಲಿಸಬೇಕೇ? ಚಲಿಸಲು ದೃಶ್ಯದಲ್ಲಿ ಕಾರಣವಿದ್ದರೆ ಮಾತ್ರ.

ಇಮ್ಯಾಜಿನರಿ ಲೈನ್ ಬಗ್ಗೆ ಎಷ್ಟು ಓದಿದರೂ ಗೊಂದಲ. ಸರಳವಾಗಿ ಹೇಳುವಿರಾ?

ಅಕ್ಕನಿಂದ ತಮ್ಮನವರೆಗೆ ನೆಲದ ಮೇಲೆ ಒಂದು ನೇರ ಗೆರೆ ಎಳೆದಿದೆ ಎಂದುಕೊಳ್ಳಿ. ಎಲ್ಲ ಶಾಟ್‌ಗಳನ್ನೂ ಆ ಗೆರೆಯ ಒಂದೇ ಪಕ್ಕದಲ್ಲಿ ನಿಂತು ತೆಗೆದರೆ ಅಕ್ಕ ಯಾವಾಗಲೂ ಬಲಕ್ಕೆ ನೋಡುತ್ತಾಳೆ, ತಮ್ಮ ಯಾವಾಗಲೂ ಎಡಕ್ಕೆ. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಒಂಟಿ ಶಾಟ್‌ಗಳೂ ಜೋಡಿಸಿದಾಗ ಪರಸ್ಪರ ನೋಡುವಂತೆ ಕಾಣುತ್ತವೆ. ಒಂದು ಶಾಟಿಗೆ ಗೆರೆ ದಾಟಿ ಆಚೆ ನಿಂತಿರೋ, ಇಬ್ಬರೂ ಒಂದೇ ಕಡೆ ನೋಡುತ್ತಿದ್ದಾರೆ ಅನ್ನಿಸುತ್ತದೆ. 180 ಡಿಗ್ರಿ ನಿಯಮ ಎನ್ನುವುದು ಇದನ್ನೇ.

ಗೆರೆಯನ್ನು ಬದಲಿಸಬಾರದೆಂದೇನಿಲ್ಲ. ಶಾಟ್ ನಡೆಯುತ್ತಿರುವಾಗಲೇ ಕ್ಯಾಮೆರಾ ಕಣ್ಣೆದುರು ಆಚೆಗೆ ಸಾಗಬಹುದು, ಅಥವಾ ನಟರೇ ಜಾಗ ಬದಲಿಸಬಹುದು. ಗೆರೆಯ ಮೇಲೇ ನಿಂತು ತೆಗೆದ ಒಂದು ಶಾಟ್ ನಡುವೆ ಬಂದರೂ ಸಾಕು. ಗೊಂದಲವೇ ಆ ಕ್ಷಣದ ಭಾವವಾಗಿದ್ದರೆ ಬೇಕೆಂದೇ ಮುರಿಯಲೂಬಹುದು. ಮೂವರು, ನಾಲ್ವರು ಇರುವ ದೃಶ್ಯದಲ್ಲಿ ಈ ಕ್ಷಣ ಯಾರು ಯಾರೊಂದಿಗೆ ಮಾತಾಡುತ್ತಿದ್ದಾರೋ ಅವರ ನಡುವಿನ ಗೆರೆಯನ್ನು ಲೆಕ್ಕಕ್ಕೆ ಹಿಡಿಯಿರಿ, ಮತ್ತು ಪ್ರತಿಯೊಬ್ಬರ ಲುಕ್ ಯಾವ ಕಡೆ ಎಂಬುದನ್ನು ಶಾಟ್ ಪಟ್ಟಿಯಲ್ಲೇ ಬರೆದಿಡಿ.

ಇದರ ಜೊತೆಗೆ ಇನ್ನೊಂದು: ಒಬ್ಬರದೇ ಎರಡು ಶಾಟ್‌ಗಳನ್ನು ಜೋಡಿಸುವುದಾದರೆ ಕ್ಯಾಮೆರಾದ ಕೋನ ಕನಿಷ್ಠ 30 ಡಿಗ್ರಿಯಾದರೂ ಬದಲಾಗಿರಲಿ. ಇಲ್ಲದಿದ್ದರೆ ಚಿತ್ರ ಎಗರಿದಂತೆ ಕಾಣುತ್ತದೆ.

ಪ್ರತಿ ದೃಶ್ಯವನ್ನೂ ಎಲ್ಲ ಕೋನಗಳಿಂದ ತೆಗೆದಿಡುವುದು ಸುರಕ್ಷಿತವಲ್ಲವೇ?

ಸುರಕ್ಷಿತ ಎನಿಸುತ್ತದೆ. ಪೂರ್ತಿ ದೃಶ್ಯದ ಮಾಸ್ಟರ್ ಶಾಟ್, ಆಮೇಲೆ ಇಬ್ಬರ ಓವರ್ ಶೋಲ್ಡರ್ (ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವ ಶಾಟ್), ಇಬ್ಬರ ಕ್ಲೋಸಪ್: ಈ ಐದು ಕೈಯಲ್ಲಿದ್ದರೆ ಸಂಕಲನದಲ್ಲಿ ದೃಶ್ಯ ಹೇಗೋ ನಿಲ್ಲುತ್ತದೆ. ಕಲಿಯುವಾಗ ಒಂದೆರಡು ಸಲ ಹೀಗೆ ಮಾಡಿ ನೋಡುವುದು ತಪ್ಪಲ್ಲ. ಆದರೆ ಸದಾ ಹೀಗೆಯೇ ತೆಗೆದರೆ ತೀರ್ಮಾನವನ್ನು ಮುಂದೂಡಿದಂತಾಗುತ್ತದೆ, ನಟರು ಒಂದೇ ಮಾತನ್ನು ಹತ್ತಾರು ಸಲ ಹೇಳಿ ಬಸವಳಿಯುತ್ತಾರೆ, ಬೆಳಕು ಜಾರಿಹೋಗುತ್ತದೆ. ಇದಿಲ್ಲದೆ ದೃಶ್ಯವೇ ಇಲ್ಲ ಎನಿಸುವ ಶಾಟ್‌ಗಳನ್ನು ಗುರುತಿಸಿ ಅವನ್ನು ಮೊದಲು ಮುಗಿಸಿ. ವೈಡ್ ಶಾಟಿನಿಂದ ಆರಂಭಿಸುವುದು ರೂಢಿ, ಏಕೆಂದರೆ ಬೆಳಕು ಮತ್ತು ಕಂಟಿನ್ಯುಟಿ (ಒಂದು ಶಾಟಿನಿಂದ ಇನ್ನೊಂದಕ್ಕೆ ಎಲ್ಲವೂ ಹೊಂದಿಕೊಂಡಿರುವುದು) ಅದರಿಂದ ಗಟ್ಟಿಯಾಗುತ್ತದೆ. ಅಳುವ, ಕುಸಿಯುವ ದೃಶ್ಯವಾದರೆ ಮಾತ್ರ ನಟರನ್ನು ಕೇಳಿ ಕ್ಲೋಸಪ್ಪನ್ನೇ ಮೊದಲು ತೆಗೆಯಿರಿ.

ನಟರಿಗೆ ಏನು ಹೇಳಬೇಕು, ಏನು ಹೇಳಬಾರದು?

ಹೊಸ ನಿರ್ದೇಶಕರಿಗೆ ಅತಿ ಹೆಚ್ಚು ಭಯವಿರುವುದು ಇಲ್ಲಿ. ಆ ಭಯಕ್ಕೆ ಎಷ್ಟೋ ಜನ ಮಾನಿಟರಿನ ಹಿಂದೆ ಅಡಗಿ ಕೂರುತ್ತಾರೆ.

ಮೊದಲನೆಯದಾಗಿ, ಫಲಿತಾಂಶವನ್ನು ಕೇಳಬೇಡಿ. "ಇನ್ನೂ ಸ್ವಲ್ಪ ದುಃಖ ಬೇಕು" ಎಂದರೆ ನಟಿ ದುಃಖದ ಮುಖ ಮಾಡುತ್ತಾರೆ, ಅಷ್ಟೇ. ಬದುಕಿನಲ್ಲಿ ಯಾರೂ ದುಃಖಪಡಲು ಪ್ರಯತ್ನಿಸುವುದಿಲ್ಲ. ದುಃಖವನ್ನು ಅಡಗಿಸಲು, ಎದುರಿರುವವರನ್ನು ತಡೆಯಲು, ಸಂತೈಸಲು, ಚುಚ್ಚಲು ಪ್ರಯತ್ನಿಸುತ್ತಾರೆ. ಆದ್ದರಿಂದ ಮಾಡಬಹುದಾದ ಕ್ರಿಯೆಯನ್ನು ಹೇಳಿ. ಅಕ್ಕನ ಪಾತ್ರಧಾರಿಗೆ "ಅವನು ಪತ್ರ ಹೊರತೆಗೆಯದಂತೆ ಮಾತಿನಲ್ಲೇ ಕಟ್ಟಿಹಾಕಿ" ಎಂದರೆ ಮಳೆಯ ಮಾತಿಗೆ ತಾನಾಗಿಯೇ ಒಂದು ಅವಸರ ಬರುತ್ತದೆ. "ಅವನೇ ಬಾಯಿಬಿಟ್ಟು ಕೇಳುವಂತೆ ಮಾಡಿ" ಎಂದರೆ ಅದೇ ಮಾತುಗಳ ನಡುವೆ ಕಾಯುವ ಮೌನಗಳು ಹುಟ್ಟುತ್ತವೆ.

ಮಾತನ್ನು ನೀವೇ ಹೇಳಿ ತೋರಿಸಬೇಡಿ. ನಟರು ನಿಮ್ಮ ರಾಗವನ್ನು ಅನುಕರಿಸುತ್ತಾರೆ, ಅದರ ಹಿಂದಿನ ಯೋಚನೆ ಅವರಿಗೆ ಸಿಕ್ಕಿರುವುದಿಲ್ಲ. ಒಂದು ಟೇಕಿಗೆ (ಶಾಟನ್ನು ಒಂದು ಸಲ ತೆಗೆಯುವುದು) ಒಂದೇ ಸಲಹೆ ಕೊಡಿ; ನಾಲ್ಕು ಹೇಳಿದರೆ ಅವರು ನಾಲ್ಕನ್ನೂ ನೆನಪಿಡಲು ಹೋಗಿ ಎದುರಿನವರ ಮಾತು ಕೇಳುವುದನ್ನೇ ಬಿಡುತ್ತಾರೆ. ಸಲಹೆಯನ್ನು ಹತ್ತಿರ ಹೋಗಿ, ಮೆಲುದನಿಯಲ್ಲಿ, ಅವರಿಗೆ ಮಾತ್ರ ಹೇಳಿ. ಇಡೀ ಸೆಟ್ಟಿಗೆ ಕೇಳುವಂತೆ ನಟರನ್ನು ತಿದ್ದುವುದು ಅವರ ಮರ್ಯಾದೆಗೆ ಕುಂದು, ಕೆಲಸಕ್ಕೂ ಕೇಡು. ಟೇಕ್ ಚೆನ್ನಾಗಿ ಬಂದಿದ್ದರೂ ಇನ್ನೊಂದು ಬೇಕೆನಿಸಿದರೆ ಏಕೆಂದು ಹೇಳಿ. ಕಾರಣ ಹೇಳದೆ "ಒನ್ ಮೋರ್" ಎನ್ನುತ್ತಲೇ ಇದ್ದರೆ ಅವರು ತಮ್ಮನ್ನೇ ಅನುಮಾನಿಸತೊಡಗುತ್ತಾರೆ.

ಕಟ್ ಹೇಳಲು ಆತುರ ಬೇಡ. ಕೊನೆಯ ಮಾತು ಮುಗಿದ ಮೇಲೆ ಐದಾರು ಸೆಕೆಂಡು ಸುಮ್ಮನಿದ್ದು ನೋಡಿ. ದೃಶ್ಯದ ಅತ್ಯಂತ ನಿಜವಾದ ನೋಟ ಅಲ್ಲಿ ಸಿಗುವುದುಂಟು.

ಎಂದೂ ನಟಿಸದವರೊಂದಿಗೆ ಕೆಲಸ ಮಾಡುವಾಗ ಅವರ ಕೈಗೆ ನಿಜವಾದ ಕೆಲಸ ಕೊಡಿ. ಬಟ್ಟೆ ಮಡಚುತ್ತ ಮಾತಾಡುವವರಿಗೆ ಕ್ಯಾಮೆರಾದ ಅರಿವು ಅರ್ಧ ಕಡಿಮೆಯಾಗುತ್ತದೆ. ಮಕ್ಕಳಿದ್ದರೆ ಅವರ ಹಸಿವು, ನಿದ್ದೆಗೆ ತಕ್ಕಂತೆ ವೇಳಾಪಟ್ಟಿ ಹಾಕಿ. ಅಳು ಬೇಕೆಂದು ಮಗುವನ್ನು ಹೆದರಿಸುವುದು ಯಾವ ಸಿನಿಮಾಕ್ಕೂ ತಕ್ಕ ಬೆಲೆಯಲ್ಲ.

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಸ್ಟೋರಿಬೋರ್ಡ್ ಹೇಗೆ ಮಾಡಲಿ?

ಸ್ಟೋರಿಬೋರ್ಡ್ ಎಂದರೆ ಶಾಟ್‌ಗಳನ್ನು ಮೊದಲೇ ಒಂದೊಂದಾಗಿ ಬಿಡಿಸಿಟ್ಟ ಚಿತ್ರಗಳು; ಅದಕ್ಕೆ ಕಡ್ಡಿಗೊಂಬೆಗಳು ಸಾಕು. ಅದಕ್ಕಿಂತಲೂ ಉಪಯೋಗಕ್ಕೆ ಬರುವುದು ಮೇಲಿನಿಂದ ನೋಡಿದಂತೆ ಬರೆದ ಕೋಣೆಯ ನಕ್ಷೆ: ಪೀಠೋಪಕರಣ, ನಟರ ಓಡಾಟದ ಬಾಣಗಳು, ಕ್ಯಾಮೆರಾ ನಿಲ್ಲುವ ಜಾಗಗಳು. ಮೊಬೈಲಿನಲ್ಲಿ ಸ್ನೇಹಿತರನ್ನು ನಿಲ್ಲಿಸಿ ತೆಗೆದ ಫೋಟೊಗಳೂ ಆಗುತ್ತವೆ.

ಚಿತ್ರೀಕರಣದ ದಿನವನ್ನು ಹೇಗೆ ನಡೆಸಬೇಕು?

ಕ್ರಮ ಹೀಗಿರಲಿ: ಮೊದಲು ನಟರೊಂದಿಗೆ ಬ್ಲಾಕಿಂಗ್, ಅದನ್ನು ಎಲ್ಲ ವಿಭಾಗದವರಿಗೂ ತೋರಿಸುವುದು, ಆಮೇಲೆ ಬೆಳಕು ಹೊಂದಿಸುವುದು, ಒಂದು ರಿಹರ್ಸಲ್, ಅದರ ನಂತರ ಟೇಕ್. ನಟರು ಎಲ್ಲಿ ನಿಲ್ಲುತ್ತಾರೆಂದು ಗೊತ್ತಾಗುವ ಮುನ್ನ ಬೆಳಕು ಹೊಂದಿಸಿದರೆ ಆ ಕೆಲಸ ಎರಡು ಸಲ ಆಗುತ್ತದೆ. ಟೇಕಿಗೆ ಮೊದಲು ಧ್ವನಿ, ಆಮೇಲೆ ಕ್ಯಾಮೆರಾ ಚಾಲೂ ಆಗಿ, ಕ್ಲ್ಯಾಪ್ ಬಿದ್ದು, ಎಲ್ಲ ನೆಲೆಗೊಂಡ ಮೇಲೆ ಆ್ಯಕ್ಷನ್.

ಸರಿಯಾದ ರೂಪದಲ್ಲಿ ಟೈಪ್ ಮಾಡಿದ ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಅಂದಾಜು ಬಳಕೆಯಲ್ಲಿದೆ. ಚಿತ್ರೀಕರಣದ ಸಮಯಕ್ಕೆ ಅದು ಅನ್ವಯಿಸುವುದಿಲ್ಲ. "ಇಬ್ಬರೂ ಹೊಡೆದಾಡುತ್ತಾರೆ" ಎಂಬ ಒಂದು ಸಾಲಿಗೆ ಇಡೀ ದಿನ ಹಿಡಿಯಬಹುದು. ಎತ್ತರ, ನೀರು, ಬೆಂಕಿ, ವಾಹನ ಇರುವ ಯಾವುದನ್ನೂ ತರಬೇತಿ ಪಡೆದವರಿಲ್ಲದೆ ಮಾಡಬೇಡಿ. ಸೆಟ್ಟಿನಲ್ಲಿ ಯಾರಾದರೂ "ಇದು ಅಪಾಯ" ಎಂದರೆ ಕೆಲಸ ನಿಲ್ಲಬೇಕು.

ತಂಡದಲ್ಲಿ ಎಲ್ಲರಿಗೂ ನನಗಿಂತ ಹೆಚ್ಚು ಗೊತ್ತಿದ್ದರೆ?

ಗೊತ್ತಿರಲಿ, ಒಳ್ಳೆಯದೇ. ಛಾಯಾಗ್ರಾಹಕರಿಗೆ ಯಾವ ಲೆನ್ಸ್ ಹಾಕಬೇಕೆಂದು ಹೇಳುವ ಬದಲು "ಇವಳು ಈ ಕೋಣೆಯಲ್ಲಿ ಒಂಟಿ ಅನಿಸಬೇಕು" ಎಂದು ಹೇಳಿ. ಅದಕ್ಕೆ ದಾರಿ ಅವರು ತೋರಿಸುತ್ತಾರೆ. "ನನಗಿನ್ನೂ ತಿಳಿದಿಲ್ಲ, ಎರಡು ನಿಮಿಷ ಕೊಡಿ" ಎನ್ನಲು ಸಂಕೋಚ ಬೇಡ.

ಧ್ವನಿಯನ್ನು ಆಮೇಲೆ ಸರಿಪಡಿಸಬಹುದಲ್ಲವೇ?

ಸ್ವಲ್ಪ ಮಟ್ಟಿಗೆ ಮಾತ್ರ. ಮಂಕಾದ ಚಿತ್ರವನ್ನು ಪ್ರೇಕ್ಷಕರು ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಮೈಕ್ ಬಾಯಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಫ್ಯಾನ್, ಫ್ರಿಜ್ ಆರಿಸಿ. ಜಾಗ ಬಿಡುವ ಮುನ್ನ ಎಲ್ಲರನ್ನೂ ಸುಮ್ಮನಿರಿಸಿ ಅರ್ಧ ನಿಮಿಷ ರೂಮ್ ಟೋನ್, ಅಂದರೆ ಆ ಜಾಗದ ಮೌನದ ಸದ್ದನ್ನು, ದಾಖಲಿಸಿ. ಮಾತುಗಳ ನಡುವಿನ ಸಂದುಗಳನ್ನು ತುಂಬಲು ಅದೇ ಬೇಕು. ಡಬ್ಬಿಂಗ್ ಮಾಡುವುದೇ ಆದರೂ ಸ್ಥಳದ ಧ್ವನಿ ಇಲ್ಲದೆ ನಟರಿಗೆ ಆ ಕ್ಷಣದ ಉಸಿರು ಮತ್ತೆ ಸಿಗುವುದು ಕಷ್ಟ.

ನಿರ್ದೇಶಕರಾಗುವವರು ಸಂಕಲನವನ್ನೂ ಕಲಿಯಬೇಕೇ?

ಕಲಿಯಲೇಬೇಕು. ಮೊದಲ ಕೆಲವು ಚಿತ್ರಗಳನ್ನು ನೀವೇ ಸಂಕಲಿಸಿ.

1920ರ ಸುಮಾರಿಗೆ ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಭಾವರಹಿತ ಮುಖದ ಒಂದೇ ಶಾಟನ್ನು ಸೂಪಿನ ತಟ್ಟೆ, ಶವಪೆಟ್ಟಿಗೆ ಮುಂತಾದ ಬೇರೆ ಬೇರೆ ಶಾಟ್‌ಗಳ ಜೊತೆ ಜೋಡಿಸಿ ತೋರಿಸಿದರು. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಕಂಡರಂತೆ. ಇದನ್ನು ನೀವೇ ಮಾಡಿ ನೋಡಬಹುದು: ತಮ್ಮನ ಮುಖ, ಆಮೇಲೆ ಅಕ್ಕನ ಬೆನ್ನು, ಅದೇ ಮುಖ, ಆಮೇಲೆ ಗೋಡೆಯ ಮೇಲೆ ತಂದೆಯ ಫೋಟೊ. ಮೊದಲನೆಯದರಲ್ಲಿ ಅವನು ಸಂದರ್ಭ ಕಾಯುತ್ತಿದ್ದಾನೆ, ಎರಡನೆಯದರಲ್ಲಿ ನಾಚುತ್ತಿದ್ದಾನೆ. ಇದನ್ನು ಕೈಯಾರೆ ಮಾಡಿದವರು ನಟರಿಂದ ಅತಿಯಾದ ಮುಖಭಾವ ಕೇಳುವುದನ್ನು ತಾವಾಗಿಯೇ ನಿಲ್ಲಿಸುತ್ತಾರೆ.

ಮಾತಾಡುವವರನ್ನೇ ತೋರಿಸುವ ಅಭ್ಯಾಸದಿಂದಲೂ ಸಂಕಲನದ ಮೇಜು ಬಿಡಿಸುತ್ತದೆ. ತಮ್ಮನ ಮಾತು ಕೇಳುತ್ತಿರುವಾಗ ಅಕ್ಕನ ಕೈಗಳನ್ನು ನೋಡುವುದೇ ಹೆಚ್ಚು ಹೇಳಬಹುದು.

ಸಿನಿಮಾ ನೋಡಿ ಕಲಿಯುವುದು ಹೇಗೆ?

ಹತ್ತು ಚಿತ್ರಗಳನ್ನು ಒಂದೊಂದು ಸಲ ನೋಡುವುದಕ್ಕಿಂತ ಒಂದು ದೃಶ್ಯವನ್ನು ಹತ್ತು ಸಲ ನೋಡಿ. ಒಮ್ಮೆ ಧ್ವನಿ ಆರಿಸಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ಪ್ರತಿ ಕಟ್ ಬಿದ್ದಾಗ ನಿಲ್ಲಿಸಿ, ಇಲ್ಲೇ ಏಕೆ ಕತ್ತರಿಸಿದರು ಎಂದು ಬರೆಯಿರಿ. ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತೆಂದು ಕೋಣೆಯ ನಕ್ಷೆ ಬಿಡಿಸಿ. ಇಷ್ಟವಾಗದ ಚಿತ್ರದ ದೃಶ್ಯವನ್ನೂ ಹೀಗೆ ನೋಡುವುದು ಒಳ್ಳೆಯದು. ಎಲ್ಲಿ ದಾರಿ ತಪ್ಪಿತೆಂದು ಬೆರಳಿಟ್ಟು ತೋರಿಸಲು ಬರಬೇಕು.

ಮೊದಲು ಎಂಥ ಚಿತ್ರ ಮಾಡಬೇಕು?

1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಲ್ಯುಮಿಯೇರ್ ಸಹೋದರರು ತೋರಿಸಿದ ಚಿತ್ರಗಳು ಒಂದೊಂದೂ ಒಂದು ನಿಮಿಷವನ್ನೂ ಮುಟ್ಟುತ್ತಿರಲಿಲ್ಲ. ಅಲುಗದ ಕ್ಯಾಮೆರಾ, ಒಂದೇ ಶಾಟ್. ನೀವೂ ಅಷ್ಟರಿಂದಲೇ ಆರಂಭಿಸಿ: ಐವತ್ತು ಸೆಕೆಂಡು, ಒಂದು ಶಾಟ್, ಮಾತಿಲ್ಲ, ಆದರೆ ಆರಂಭಕ್ಕೂ ಕೊನೆಗೂ ನಡುವೆ ಏನಾದರೂ ಬದಲಾಗಬೇಕು. ಆಮೇಲೆ ಅದನ್ನೇ ಐದಾರು ಶಾಟ್‌ಗಳಲ್ಲಿ ತೆಗೆಯಿರಿ. ಆಮೇಲೆ ಇಬ್ಬರು ಪಾತ್ರಗಳು, ಒಂದು ಕೋಣೆ, ಮೂರರಿಂದ ಐದು ನಿಮಿಷ. ಅರ್ಧ ಗಂಟೆಯ ಚಿತ್ರವನ್ನು ಅರ್ಧಕ್ಕೇ ಬಿಡುವವರಿಗಿಂತ ಮೂರು ನಿಮಿಷದ್ದನ್ನು ಧ್ವನಿ ಮಿಶ್ರಣದವರೆಗೆ ಮುಗಿಸುವವರು ಬಹಳ ಬೇಗ ಕಲಿಯುತ್ತಾರೆ.

ಮುಗಿದ ಚಿತ್ರವನ್ನು ತೋರಿಸಿದರೆ ಎಲ್ಲರೂ "ಚೆನ್ನಾಗಿದೆ" ಎನ್ನುತ್ತಾರೆ. ನಿಜವಾದ ಅಭಿಪ್ರಾಯ ಪಡೆಯುವುದು ಹೇಗೆ?

ಕಥೆ ಗೊತ್ತಿಲ್ಲದ ಮೂರು ನಾಲ್ಕು ಜನರಿಗೆ ತೋರಿಸಿ. ತೋರಿಸುವ ಮೊದಲು ಏನನ್ನೂ ವಿವರಿಸಬೇಡಿ. ಚಿತ್ರ ನಡೆಯುವಾಗ ಪರದೆಯನ್ನು ಬಿಟ್ಟು ಅವರನ್ನು ನೋಡಿ: ಎಲ್ಲಿ ಮೈ ಮುರಿಯುತ್ತಾರೆ, ಎಲ್ಲಿ ಮುಂದಕ್ಕೆ ಬಾಗುತ್ತಾರೆ. ಮುಗಿದ ಮೇಲೆ ಇಷ್ಟವಾಯಿತೇ ಎಂದು ಕೇಳದೆ, ಏನು ನಡೆಯಿತೆಂದು ಅವರ ಮಾತಿನಲ್ಲೇ ಹೇಳಿಸಿ. ಪತ್ರದ ವಿಷಯ ಅಕ್ಕನಿಗೆ ಯಾವಾಗ ಗೊತ್ತಾಯಿತೆಂದು ಕೇಳಿದಾಗ ಒಬ್ಬೊಬ್ಬರು ಒಂದೊಂದು ಕ್ಷಣ ಹೇಳಿದರೆ ನಿಮ್ಮ ತಿರುವು ಸರಿಯಾಗಿ ಬಿದ್ದಿಲ್ಲ. ಅವರು ಸೂಚಿಸುವ ಪರಿಹಾರವನ್ನು ಹಾಗೆಯೇ ಒಪ್ಪಬೇಕಿಲ್ಲ, ಆದರೆ ಎಲ್ಲರೂ ಒಂದೇ ಕಡೆ ಎಡವಿದರೆ ಅಲ್ಲೊಂದು ತೊಂದರೆ ಖಂಡಿತ ಇದೆ. ಅದರ ಮೂಲ ಹೆಚ್ಚಾಗಿ ಎಡವಿದ ಜಾಗದಲ್ಲಿರದೆ ಅದಕ್ಕೂ ಹಿಂದಿನ ಯಾವುದೋ ಶಾಟಿನಲ್ಲಿರುತ್ತದೆ. ಹಿಂದಕ್ಕೆ ಹೋಗುತ್ತ ಒಂದೊಂದೇ ಕಟ್ ಬದಲಿಸಿ, ಮತ್ತೆ ಬೇರೆಯವರಿಗೆ ತೋರಿಸಿ.